ನೀರಿನ ಕರ ಮತ್ತು ಮನೆ ಖರೀದಿ

ಮನೆಬಳಕೆಗೆ ನೀರು ಒದಗಿಸುವ ಸ್ಥಳೀಯ ಸಂಸ್ಥೆ ಆ ನೀರಿಗಾಗಿ ವಸೂಲು ಮಾಡುವ ಹಣವೇ ನೀರಿನ ಕರ. ಮನೆ ಅಥವಾ ಪ್ಲಾಟು ಕೊಳ್ಳುವವರ ಖರ್ಚು ಇಷ್ಟಕ್ಕೇ ಮುಗಿಯುವುದಿಲ್ಲ. ಆಸ್ತಿ ತೆರಿಗೆ, ಅದರ ಮೇಲಿನ ಉಪಕರಗಳು, ನಳ ಜೋಡಣೆಯ ಠೇವಣಿ, ರಸ್ತೆ ಅಗೆತದ ಶುಲ್ಕ, ಸಂಪು, ಕೊಳವೆಬಾವಿ, ಬೇಸಿಗೆಯ ಟ್ಯಾಂಕರ್ ಬಾಡಿಗೆ ಎಲ್ಲ ಕೂಡಿದಾಗ ನೀರಿನ ನಿಜವಾದ ಬೆಲೆ ತಿಳಿಯುತ್ತದೆ. ಬಿಲ್ಲಿನಲ್ಲಿ ಕಾಣುವುದು ಇದರ ಚಿಕ್ಕ ಪಾಲು. ಉಳಿದದ್ದರಲ್ಲಿ ಬಹಳಷ್ಟು ಕ್ರಯಪತ್ರದಲ್ಲೂ ಇರುವುದಿಲ್ಲ, ತೆರಿಗೆ ರಸೀದಿಯಲ್ಲೂ ಇರುವುದಿಲ್ಲ. ಬೀದರ ಜಿಲ್ಲೆಯ ಠಾಣಾ ಕುಶನೂರ, ಔರಾದ, ಭಾಲ್ಕಿ ಮತ್ತು ಬೀದರ ಊರುಗಳ ನೆಲೆಯಿಂದ ಈ ವ್ಯವಸ್ಥೆಯ ಪರಿಚಯ ಇಲ್ಲಿದೆ.

ನಾಲ್ಕು ಊರು, ನಾಲ್ಕು ಕಚೇರಿ

ಮಹಾರಾಷ್ಟ್ರದ ಗಡಿಗೆ ಹತ್ತಿರದ ಹೋಬಳಿ ಕೇಂದ್ರ ಠಾಣಾ ಕುಶನೂರ. ಮೊದಲು ಔರಾದ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ಕಮಲನಗರ ತಾಲ್ಲೂಕಿನಲ್ಲಿದೆ. ಇಲ್ಲಿ ನೀರು ಕೊಡುವ ಹೊಣೆ ಗ್ರಾಮ ಪಂಚಾಯಿತಿಯದು. ಔರಾದದಲ್ಲಿ ಪಟ್ಟಣ ಪಂಚಾಯಿತಿ, ಭಾಲ್ಕಿಯಲ್ಲಿ ಪುರಸಭೆ ಆ ಕೆಲಸ ನೋಡಿಕೊಳ್ಳುತ್ತವೆ. ಬೀದರದಲ್ಲಿ ಬಹುಕಾಲ ನಗರಸಭೆ ಇತ್ತು; ಅದನ್ನು ಮಹಾನಗರ ಪಾಲಿಕೆಯಾಗಿ ಮೇಲ್ದರ್ಜೆಗೇರಿಸುವ ಕ್ರಮ 2025ರಲ್ಲಿ ನಡೆಯಿತು. ಒಂದೇ ಜಿಲ್ಲೆಯ ಈ ನಾಲ್ಕು ಊರುಗಳಿಗೆ ಅನ್ವಯವಾಗುವ ಕಾನೂನುಗಳು ಮೂರು: ಗ್ರಾಮಕ್ಕೆ 1993ರ ಪಂಚಾಯತ್ ರಾಜ್ ಅಧಿನಿಯಮ, ಪಟ್ಟಣ ಪಂಚಾಯಿತಿಗೂ ಪುರಸಭೆಗೂ 1964ರ ಪೌರಸಭೆಗಳ ಅಧಿನಿಯಮ, ಪಾಲಿಕೆಗೆ 1976ರ ಪೌರ ನಿಗಮಗಳ ಅಧಿನಿಯಮ.

ಕರ್ನಾಟಕದಲ್ಲಿ ನೀರಿಗೆಂದೇ ತನ್ನದೇ ಪ್ರತ್ಯೇಕ ಮಂಡಳಿ ಇರುವ ನಗರ ಬೆಂಗಳೂರು ಮಾತ್ರ. ಅಲ್ಲಿಯ ಜಲಮಂಡಳಿ 1964ರ ಕಾಯ್ದೆಯಿಂದ ಹುಟ್ಟಿತು. ಉಳಿದ ಪಟ್ಟಣಗಳಿಗಾಗಿ 1973ರ ಕಾಯ್ದೆಯಡಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ರಚನೆಯಾಯಿತು. ಈ ಮಂಡಳಿ ಮುಖ್ಯವಾಗಿ ಕಟ್ಟುವ ಸಂಸ್ಥೆ. ಜಾಕ್‌ವೆಲ್, ಶುದ್ಧೀಕರಣ ಘಟಕ, ಕೊಳವೆಮಾರ್ಗ, ಮೇಲ್ತೊಟ್ಟಿಗಳನ್ನು ಕಟ್ಟಿ, ಬಹುತೇಕ ಕಡೆ ನಿರ್ವಹಣೆಯನ್ನು ಪುರಸಭೆಯ ಕೈಗೊಪ್ಪಿಸುತ್ತದೆ. ಹಳ್ಳಿಗಳಲ್ಲಿ ಇದೇ ಪಾತ್ರ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯದು. ಕಟ್ಟಿದವರು ಒಬ್ಬರು, ನಡೆಸುವವರು ಇನ್ನೊಬ್ಬರು. ಪೈಪು ಒಡೆದು ವಾರವಾದರೂ ದುರಸ್ತಿಯಾಗದೆ ಉಳಿಯುವುದಕ್ಕೆ ಈ ಹಂಚಿಕೆಯೂ ಒಂದು ಕಾರಣ. ಹೊಸದಾಗಿ ಮನೆ ಕೊಂಡವರಿಗಂತೂ ಯಾವ ಕಚೇರಿಗೆ ಅರ್ಜಿ ಕೊಡಬೇಕೆಂಬುದೇ ಮೊದಲು ಬಿಡಿಸಬೇಕಾದ ಗಂಟು.

ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಕುಡಿಯುವ ನೀರನ್ನು ಸ್ಥಳೀಯ ಸಂಸ್ಥೆಗಳ ವಿಷಯಗಳ ಪಟ್ಟಿಗೆ, ಅಂದರೆ 11 ಮತ್ತು 12ನೆಯ ಅನುಸೂಚಿಗಳಿಗೆ ಸೇರಿಸಿದವು. ಹೊಣೆ ಕೆಳಗೆ ಇಳಿಯಿತು, ಅದೇ ಪ್ರಮಾಣದಲ್ಲಿ ಹಣ ಇಳಿಯಲಿಲ್ಲ. ದೊಡ್ಡ ಕಾಮಗಾರಿಗಳು ಇಂದಿಗೂ ಕೇಂದ್ರ, ರಾಜ್ಯಗಳ ಅನುದಾನದಿಂದಲೇ ನಡೆಯುತ್ತವೆ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಅಮೃತ್ 2.0 ಯೋಜನೆಯಲ್ಲಿ, ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳಿಗೆ ಕೇಂದ್ರದ ಪಾಲು ಅರ್ಧ, ಒಂದರಿಂದ ಹತ್ತು ಲಕ್ಷದವರೆಗಿನ ನಗರಗಳಿಗೆ ಮೂರನೆಯ ಒಂದು. ಔರಾದ ಮೊದಲ ವರ್ಗಕ್ಕೂ, 2011ರ ಜನಗಣತಿಯಲ್ಲೇ ಎರಡು ಲಕ್ಷ ದಾಟಿದ್ದ ಬೀದರ ಎರಡನೆಯ ವರ್ಗಕ್ಕೂ ಸೇರುತ್ತವೆ. ಈ ಅನುದಾನದ ಫಲವಾಗಿ ಕೊಳವೆಮಾರ್ಗದ ಸಾಲ ನೇರವಾಗಿ ಮನೆಯ ಮೇಲೆ ಬೀಳುವುದಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಅದು ಬೀಳುತ್ತದೆ; ಆ ವಿಷಯ ಮುಂದೆ ಬರುತ್ತದೆ.

ನೆಲದ ಗುಣ

ಮನೆಯ ಬೆಲೆಗೂ ನೀರಿಗೂ ಇರುವ ನಂಟು ಈ ಸೀಮೆಗೆ ಹೊಸದಲ್ಲ. ಬೀದರ ನಗರ ಕುಳಿತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಳೆನೀರು ಈ ರಂಧ್ರಮಯ ಕಲ್ಲಿನೊಳಗೆ ಇಂಗಿ, ಕೆಳಗಿನ ಗಟ್ಟಿ ಪದರಕ್ಕೆ ತಾಗಿ, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿ, ಪಾಪನಾಶ, ಗುರುನಾನಕ ಝರಾಗಳು ಹುಟ್ಟಿದ್ದು ಹೀಗೆ. ಬಹಮನಿ ಅರಸರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಇದೇ ಗುಣವನ್ನು ಬಳಸಿಕೊಂಡು ಪರ್ಷಿಯಾದ ಮಾದರಿಯ ಕರೇಜ್ ಸುರಂಗಗಳನ್ನು ಕೊರೆಯಲಾಯಿತು. ನೌಬಾದಿನ ಕರೇಜ್ ಅವುಗಳಲ್ಲಿ ಪ್ರಸಿದ್ಧ. ನೆಲದಡಿ ಹರಿಯುವ ನೀರನ್ನು ನಡುನಡುವೆ ಬಾವಿಯಂಥ ಕಂಡಿಗಳಿಂದ ಸೇದಿಕೊಳ್ಳುವ ವ್ಯವಸ್ಥೆ ಅದು. ಮುಂದೆ ಈ ಸುರಂಗಗಳ ಜಾಡಿನ ಮೇಲೆಯೇ ಬಡಾವಣೆಗಳು ಎದ್ದು, ಕಂಡಿಗಳು ಕಸದ ಗುಂಡಿಗಳಾದವು. ಕಳೆದ ದಶಕದಲ್ಲಷ್ಟೇ ನೌಬಾದಿನ ಕರೇಜಿನ ಹೂಳೆತ್ತಿ ಪುನಶ್ಚೇತನ ಮಾಡುವ ಕೆಲಸ ನಡೆಯಿತು. ನೀರಿನ ದಾರಿ ಬಲ್ಲವರು ಊರು ಕಟ್ಟಿದ್ದರು, ಆ ದಾರಿಯನ್ನು ಮರೆತವರು ಅದರ ಮೇಲೆ ಪ್ಲಾಟು ಹಾಕಿದರು.

ಔರಾದ, ಭಾಲ್ಕಿ, ಠಾಣಾ ಕುಶನೂರಗಳ ಕಡೆ ಬಹುಪಾಲು ಕರಿಮಣ್ಣು, ಅದರ ಕೆಳಗೆ ದಖ್ಖನ್ನಿನ ಕರಿಗಲ್ಲು. ಬಿರುಕು ಸಿಕ್ಕರೆ ನೀರು, ಸಿಗದಿದ್ದರೆ ಬರೀ ದೂಳು. ಒಂದು ಪ್ಲಾಟಿನ ಬೋರಿನಲ್ಲಿ ಎರಡಿಂಚು ನೀರು ಬಿದ್ದು, ಪಕ್ಕದ ಪ್ಲಾಟಿನದು ಒಣಗಿಹೋಗುವುದು ಇಲ್ಲಿ ಸಾಮಾನ್ಯ. ಮೇಲ್ಮೈ ನೀರಿಗೆ ಮಾಂಜ್ರಾ ನದಿ ಮತ್ತು ಅದರ ಉಪನದಿ ಕಾರಂಜಾ ಆಧಾರ. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿ ಬಳಿಯ ಕಾರಂಜಾ ಜಲಾಶಯದ ಸಾಮರ್ಥ್ಯ 7.69 ಟಿಎಂಸಿ. ಬೀದರ ನಗರದ ಕುಡಿಯುವ ನೀರಿನ ಮುಖ್ಯ ಆಸರೆಗಳಲ್ಲಿ ಅದೂ ಒಂದು. ಮಾಂಜ್ರಾದ ಮೇಲ್ಭಾಗ ಮಹಾರಾಷ್ಟ್ರದಲ್ಲಿದೆ. 2016ರ ಏಪ್ರಿಲ್‌ನಲ್ಲಿ ಆ ನದಿಯ ಅಣೆಕಟ್ಟು ಬರಿದಾಗಿ, ನೆರೆಯ ಲಾತೂರ ನಗರಕ್ಕೆ ಮೀರಜದಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ನಳದ ಜೋಡಣೆ ಇದೆ ಎಂಬುದಕ್ಕೂ ನಳದಲ್ಲಿ ನೀರು ಬರುತ್ತದೆ ಎಂಬುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಈ ಭಾಗದ ಜನ ಅಂದು ಕಣ್ಣಾರೆ ಕಂಡರು.

ತೆರಿಗೆ ಚೀಟಿಯಲ್ಲಿ ಏನಿದೆ

ಪಟ್ಟಣಗಳಲ್ಲಿ ಆಸ್ತಿ ತೆರಿಗೆಯನ್ನು ಮನೆಯವರೇ ಲೆಕ್ಕ ಹಾಕಿ ಕಟ್ಟುವ ಸ್ವಯಂ ಘೋಷಣೆ ಪದ್ಧತಿ ಜಾರಿಯಲ್ಲಿದೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯೇ ಲೆಕ್ಕಕ್ಕೆ ಆಧಾರ. ಆ ಬೆಲೆ ಪರಿಷ್ಕರಣೆಯಾದರೆ ಮುದ್ರಾಂಕ ಶುಲ್ಕದ ಜತೆಗೆ ವರ್ಷವರ್ಷದ ತೆರಿಗೆಯೂ ಏರುತ್ತದೆ. ಹೀಗೆ ಬಂದ ತೆರಿಗೆಯ ಮೇಲೆ ಆರೋಗ್ಯ ಉಪಕರ ಶೇ. 15, ಗ್ರಂಥಾಲಯ ಉಪಕರ ಶೇ. 6, ಭಿಕ್ಷುಕರ ಉಪಕರ ಶೇ. 3 ಸೇರುತ್ತವೆ. ತೆರಿಗೆ 2,000 ರೂಪಾಯಿ ಆದರೆ ಈ ಮೂರರಿಂದ 480 ರೂಪಾಯಿ ಹೆಚ್ಚುತ್ತದೆ. ಕಸ ವಿಲೇವಾರಿಯ ಶುಲ್ಕ ಬೇರೆ. ಏಪ್ರಿಲ್ ತಿಂಗಳೊಳಗೆ ಪೂರ್ತಿ ಕಟ್ಟಿದವರಿಗೆ ಶೇ. 5 ರಿಯಾಯಿತಿ ಇದೆ.

ಈ ಚೀಟಿಯಲ್ಲಿ ನೀರಿನ ಮಾತೇ ಇರುವುದಿಲ್ಲ. ನೀರಿನ ಬಿಲ್ಲು ಬೇರೆ ಪುಸ್ತಕ, ಬೇರೆ ತಂತ್ರಾಂಶ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಅದು ಜಲನಿಧಿಯಲ್ಲಿ ದಾಖಲಾಗುತ್ತದೆ, ಆಸ್ತಿಯ ವಿವರ ಇ-ಆಸ್ತಿಯಲ್ಲಿ. ಮೀಟರು ಇಲ್ಲದ ಕಡೆ ತಿಂಗಳಿಗಿಷ್ಟು ಎಂಬ ಗೊತ್ತುಪಡಿಸಿದ ದರ. ಒಂದು ಕೊಡ ತುಂಬಿದವರಿಗೂ ಸಂಪು ತುಂಬಿಸಿದವರಿಗೂ ಅದೇ ಮೊತ್ತ. ಬಳಕೆಯ ಅಳತೆಯ ಮೇಲೆ ದರ ಕಟ್ಟುವ ಪ್ರಯೋಗ ಉತ್ತರ ಕರ್ನಾಟಕದಲ್ಲಿ ನಡೆದದ್ದು ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ-ಧಾರವಾಡಗಳ ಆಯ್ದ ವಾರ್ಡುಗಳಲ್ಲಿ. ವಿಶ್ವಬ್ಯಾಂಕಿನ ನೆರವಿನ 24×7 ಯೋಜನೆಯಡಿ 2008ರ ಸುಮಾರಿಗೆ ಅಲ್ಲಿ ಮೀಟರು, ನಿರಂತರ ನೀರು ಎರಡೂ ಒಟ್ಟಿಗೆ ಬಂದವು. ನೀರು ಸದಾ ಬರುವ ಮನೆಗೆ ಸಂಪು, ಪಂಪು, ಮೇಲ್ಛಾವಣಿಯ ಟ್ಯಾಂಕು ಅಷ್ಟಾಗಿ ಬೇಕಿಲ್ಲ. ನಾಲ್ಕು ದಿನಕ್ಕೊಮ್ಮೆ ಬರುವ ಮನೆಗೆ ಮೂರೂ ಬೇಕು, ಪಂಪಿಗೆ ಕರೆಂಟಿನ ಬಿಲ್ಲೂ ಬೇಕು. ಕಡಿಮೆ ದರದ ನೀರು ದುಬಾರಿಯಾಗುವ ಬಗೆ ಇದೇ.

ಗ್ರಾಮ ಪಂಚಾಯಿತಿಯಲ್ಲಿ ಚಿತ್ರ ಸರಳ. 1993ರ ಅಧಿನಿಯಮದ 199ನೆಯ ಪ್ರಕರಣ ಕಟ್ಟಡ ಮತ್ತು ಕೃಷಿಯೇತರ ಜಮೀನಿನ ಮೇಲೆ ತೆರಿಗೆಯನ್ನೂ ಕುಡಿಯುವ ನೀರಿಗೆ ದರವನ್ನೂ ವಿಧಿಸುವ ಅಧಿಕಾರವನ್ನು ಪಂಚಾಯಿತಿಗೆ ಕೊಟ್ಟಿದೆ. ಕರ ವಸೂಲಿಗಾರ ಮನೆಬಾಗಿಲಿಗೆ ಬರುತ್ತಾನೆ. ವಾಲ್ವು ತಿರುಗಿಸುವ ನೀರುಗಂಟಿಯ ಸಂಬಳಕ್ಕೂ ಮೋಟಾರಿನ ದುರಸ್ತಿಗೂ ಇದೇ ಹಣ ಬೇಕು. ವಸೂಲಿ ಕುಂಠಿತವಾದಲ್ಲಿ ಪಂಚಾಯಿತಿ ಹಣಕಾಸು ಆಯೋಗದ ಅನುದಾನಕ್ಕೆ ಕೈಚಾಚುತ್ತದೆ. 15ನೆಯ ಹಣಕಾಸು ಆಯೋಗ ಗ್ರಾಮೀಣ ಸಂಸ್ಥೆಗಳ ಅನುದಾನದಲ್ಲಿ ಶೇ. 60ನ್ನು ನೀರು ಮತ್ತು ನೈರ್ಮಲ್ಯಕ್ಕೆಂದೇ ಕಟ್ಟುಹಾಕಿ ಕೊಟ್ಟಿತ್ತು.

ಹಳ್ಳಿಯ ನಳ

2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಪ್ರತಿ ಗ್ರಾಮೀಣ ಮನೆಗೆ ನಳ, ತಲೆಗೆ ದಿನಕ್ಕೆ 55 ಲೀಟರು ನೀರು ಎಂಬ ಗುರಿ ಇಟ್ಟುಕೊಂಡಿತು. ರಾಜ್ಯದಲ್ಲಿ ಇದಕ್ಕೆ ಮನೆಮನೆಗೆ ಗಂಗೆ ಎಂಬ ಹೆಸರೂ ಬಂತು. ಗಡುವು 2024 ಆಗಿತ್ತು. 2025ರ ಕೇಂದ್ರ ಬಜೆಟ್ ಅದನ್ನು 2028ಕ್ಕೆ ಮುಂದೂಡಿತು. ಊರೊಳಗಿನ ಕಾಮಗಾರಿಯ ವೆಚ್ಚದಲ್ಲಿ ಶೇ. 10ನ್ನು ಊರವರೇ ಹಣ, ಸಾಮಗ್ರಿ ಅಥವಾ ದುಡಿಮೆಯ ರೂಪದಲ್ಲಿ ಭರಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರು ಅರ್ಧಕ್ಕಿಂತ ಹೆಚ್ಚಿರುವ ಊರುಗಳಿಗೆ ಇದು ಶೇ. 5. ಕಾಮಗಾರಿ ಮುಗಿದ ಮೇಲೆ ನಿರ್ವಹಣೆ ಗ್ರಾಮ ಪಂಚಾಯಿತಿಯ, ಅದರ ಅಂಗವಾದ ನೀರು ಮತ್ತು ನೈರ್ಮಲ್ಯ ಸಮಿತಿಯ ಪಾಲಿಗೆ.

ಠಾಣಾ ಕುಶನೂರದಂಥ ಹೋಬಳಿ ಊರಿನಲ್ಲಿ ಹಳೆ ಮನೆ ಕೊಳ್ಳುವವರು ಇಲ್ಲೊಂದು ಸೂಕ್ಷ್ಮ ಗಮನಿಸಬೇಕು. ಮಿಷನ್ನಿನ ನಳ ದಾಖಲಾಗುವುದು ಕುಟುಂಬದ ಹೆಸರಿನಲ್ಲಿ, ಆಧಾರ್ ಸಂಖ್ಯೆಯೊಡನೆ. ಮನೆ ಮಾರಿದವರ ಹೆಸರು ಪಂಚಾಯಿತಿಯ ನೀರಿನ ವಹಿಯಲ್ಲಿ ತಾನಾಗಿ ಬದಲಾಗುವುದಿಲ್ಲ, ಅದಕ್ಕೆ ಪ್ರತ್ಯೇಕ ಅರ್ಜಿ ಬೇಕು. ಊರ ಹೊರಗೆ ಹೊಲದಲ್ಲಿ ಮನೆ ಕಟ್ಟಿಕೊಂಡವರಿಗೆ ಈ ನಳ ಮುಟ್ಟುವುದು ಅಪರೂಪ. ಅಂಥವರು ಬೋರ್ ಹಾಕಿಸಲು ಹೊರಟರೆ ಕುಡಿಯುವ ನೀರಿನ ಮೂಲಗಳನ್ನು ಕಾಯುವ 1999ರ ಕಾಯ್ದೆ ಎದುರಾಗುತ್ತದೆ. ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರಿನೊಳಗೆ ಅನುಮತಿಯಿಲ್ಲದೆ ಬಾವಿ ತೋಡುವಂತಿಲ್ಲ. ಈ ಕಾಯ್ದೆ ಅಷ್ಟಾಗಿ ಯಾರ ಗಮನಕ್ಕೂ ಬರದಿರುವುದು ಬೋರಿನ ಯಂತ್ರದವರ ಪಾಲಿಗೆ ಅನುಕೂಲವೇ.

ಬಾಕಿ ಯಾರ ತಲೆಗೆ

ಮನೆ ಕೈಬದಲಾದಾಗ ಹಳೆಯ ನೀರಿನ ಬಾಕಿ ಯಾರು ತೀರಿಸಬೇಕು? 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣದ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಮಾರಾಟದ ದಿನದವರೆಗಿನ ಸರ್ಕಾರಿ ಬಾಕಿಗಳು ಮಾರುವವನವು, ಒಡೆತನ ದಾಟಿದ ಮೇಲಿನವು ಕೊಳ್ಳುವವನವು. ಇದು ಇಬ್ಬರ ನಡುವಿನ ಲೆಕ್ಕ. ಪುರಸಭೆಯ ಕೈ ಎಲ್ಲಿಯವರೆಗೆ ಚಾಚುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಅಹಮದಾಬಾದಿನಲ್ಲಿ ಒಬ್ಬರು ನ್ಯಾಯಾಲಯದ ಹರಾಜಿನಲ್ಲಿ ಮನೆ ಕೊಂಡಿದ್ದರು. ಹಿಂದಿನ ಮಾಲೀಕನ ಆಸ್ತಿ ತೆರಿಗೆ ಬಾಕಿಗಾಗಿ ಅಲ್ಲಿನ ಪಾಲಿಕೆ ಆ ಮನೆಯನ್ನೇ ಜಪ್ತಿ ಮಾಡಲು ಹೊರಟಿತು. 1971ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಾಕಿಯ ಅರಿವಿಲ್ಲದೆ ಬೆಲೆ ಕೊಟ್ಟು ಕೊಂಡವನ ವಿರುದ್ಧ, ಕಾನೂನು ಸ್ಪಷ್ಟವಾಗಿ ಹೇಳದ ಹೊರತು, ಅಂಥ ಋಣಭಾರವನ್ನು ಚಲಾಯಿಸಲಾಗದು ಎಂದಿತು. 2023ರಲ್ಲಿ ಅದೇ ನ್ಯಾಯಾಲಯ ಕೇರಳದ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ ಇನ್ನೊಂದು ಬದಿ ತೋರಿಸಿತು: ನಿಯಮಗಳಲ್ಲಿ ಅವಕಾಶವಿದ್ದರೆ, ಹಿಂದಿನವರ ಬಾಕಿ ತೀರಿಸುವುದನ್ನು ಹೊಸ ಸಂಪರ್ಕಕ್ಕೆ ಷರತ್ತಾಗಿ ಹಾಕಬಹುದು. ಎರಡೂ ತೀರ್ಪುಗಳು ನೀರಿನವಲ್ಲ. ಕಾಗದದ ಮೇಲೆ ಕೊಳ್ಳುವವನಿಗೆ ರಕ್ಷಣೆ ಇದೆ. ಕಚೇರಿಯ ಕಿಟಕಿಯಲ್ಲಿ ಅದು ಕೆಲಸಕ್ಕೆ ಬರುವುದು ಕಡಿಮೆ. ಬಾಕಿ ಕಟ್ಟಿದ ರಸೀದಿ ಇಲ್ಲದೆ ಖಾತೆ ಬದಲಾವಣೆಯ ಕಡತ ಮುಂದೆ ಹೋಗುವುದಿಲ್ಲ, ಸಾವಿರದ ಬಾಕಿಗೆ ಸುಪ್ರೀಂ ಕೋರ್ಟಿನ ತೀರ್ಪು ಹಿಡಿದು ಯಾರೂ ಅಲೆಯುವುದೂ ಇಲ್ಲ. ಬಹುತೇಕ ಕೊಳ್ಳುವವರು ಸುಮ್ಮನೆ ಕಟ್ಟಿಬಿಡುತ್ತಾರೆ.

ಋಣಭಾರ ಪ್ರಮಾಣಪತ್ರ ನೋಡಿದ್ದೇವೆ ಎಂಬ ಧೈರ್ಯವೂ ಇಲ್ಲಿ ನೆರವಾಗದು. ಆ ಪತ್ರದಲ್ಲಿ ಬರುವುದು ನೋಂದಣಿಯಾದ ದಸ್ತಾವೇಜುಗಳು ಮಾತ್ರ. ನೀರಿನ ಬಾಕಿ ನೋಂದಣಿಯಾಗುವ ದಸ್ತಾವೇಜಲ್ಲ. ಮುಂಗಡ ಕೊಡುವ ಮೊದಲೇ ಸ್ಥಳೀಯ ಸಂಸ್ಥೆಯಿಂದ ಮಾರುವವರ ಹೆಸರಿನಲ್ಲಿ ಬೇಬಾಕಿ ಪತ್ರ ಪಡೆಯುವುದೊಂದೇ ನೆಟ್ಟಗಿನ ದಾರಿ. ಆಸ್ತಿ ತೆರಿಗೆಯ ಬೇಬಾಕಿ, ನೀರಿನ ಬೇಬಾಕಿ ಎರಡನ್ನೂ ಕೇಳಬೇಕು. ಮೊದಲನೆಯದು ಸಿಕ್ಕರೆ ಎರಡನೆಯದೂ ಸಿಕ್ಕಂತೆ ಎಂದುಕೊಳ್ಳಬಾರದು.

ಊರಂಚಿನ ಪ್ಲಾಟುಗಳು

ತೊಡಕು ಹೆಚ್ಚಿರುವುದು ಹೊಸ ಬಡಾವಣೆಗಳಲ್ಲಿ. ಬೀದರ, ಭಾಲ್ಕಿಗಳ ಸುತ್ತ ಹೊಲಗಳು ಪ್ಲಾಟುಗಳಾಗುತ್ತಿವೆ. ಜಮೀನಿಗೆ ಎನ್‌.ಎ. ಆಗಿದೆ ಎನ್ನುವುದನ್ನೇ ಮಾರುವವರು ದೊಡ್ಡದಾಗಿ ಹೇಳುತ್ತಾರೆ. ಅದು ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಡಿ ಆಗುವ ಭೂಪರಿವರ್ತನೆ, ಅಷ್ಟೇ. ವಿನ್ಯಾಸಕ್ಕೆ ಯೋಜನಾ ಪ್ರಾಧಿಕಾರದ ಅನುಮೋದನೆ, ರಸ್ತೆ, ಚರಂಡಿ, ನೀರಿನ ಕೊಳವೆ, ಮೇಲ್ತೊಟ್ಟಿಗಳ ನಿರ್ಮಾಣ, ಆಮೇಲೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಇವೆಲ್ಲ ಬೇರೆ ಬೇರೆ ಮೆಟ್ಟಿಲುಗಳು. ಹಸ್ತಾಂತರವಾಗುವವರೆಗೆ ಬಡಾವಣೆಯ ನೀರು ಪುರಸಭೆಯದಲ್ಲ, ಬಡಾವಣೆ ಮಾಡಿದವರದು. ಒಂದು ಬೋರು, ಒಂದು ಟ್ಯಾಂಕು ಕಟ್ಟಿಸಿ, ಪ್ಲಾಟುಗಳೆಲ್ಲ ಮಾರಿದ ಮೇಲೆ ಅವರು ಅತ್ತ ತಿರುಗಿ ನೋಡದಿದ್ದರೆ ಉಳಿದವರು ಚಂದಾ ಎತ್ತಿ ಮೋಟಾರು ದುರಸ್ತಿ ಮಾಡಿಸಿಕೊಳ್ಳಬೇಕು. ತೆರಿಗೆ ಮಾತ್ರ ಖಾತೆಯಾದ ವರ್ಷದಿಂದಲೇ ಶುರು.

2016ರ ಸ್ಥಿರಾಸ್ತಿ ನಿಯಂತ್ರಣ ಕಾಯ್ದೆ, ಜನರ ಬಾಯಲ್ಲಿ ರೇರಾ, ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಸ್ವಾಧೀನ ಕೊಡುವವರೆಗಿನ ಸ್ಥಳೀಯ ತೆರಿಗೆ, ನೀರು, ವಿದ್ಯುತ್ತಿನ ಶುಲ್ಕಗಳನ್ನು 11ನೆಯ ಪ್ರಕರಣದಂತೆ ಪ್ರವರ್ತಕರೇ ಕಟ್ಟಬೇಕು. ತನ್ನ ಪಾಲಿನ ತೆರಿಗೆ ಮತ್ತು ನೀರಿನ ಶುಲ್ಕವನ್ನು ಒಪ್ಪಂದದಂತೆ ಕಟ್ಟುವ ಹೊಣೆಯನ್ನು 19ನೆಯ ಪ್ರಕರಣ ಕೊಳ್ಳುವವನ ಮೇಲಿಡುತ್ತದೆ. 500 ಚದರ ಮೀಟರು ಅಥವಾ ಎಂಟು ಮನೆಗಳ ಮಿತಿಯನ್ನು ದಾಟದ ಯೋಜನೆಗಳಿಗೆ ನೋಂದಣಿ ಕಡ್ಡಾಯವಲ್ಲ. ಸಣ್ಣ ಊರುಗಳಲ್ಲಿ ಹೊಲ ಹರಿದು ಮಾರಿದ ಎಷ್ಟೋ ಪ್ಲಾಟುಗಳು ಈ ಕಾಯ್ದೆಯ ನೆರಳನ್ನೂ ಕಂಡಿಲ್ಲ.

ಇಂಥ ಪ್ಲಾಟುಗಳ ಸ್ಥಿತಿ ಖಾತೆಯ ನಮೂನೆಯಲ್ಲಿ ಗೊತ್ತಾಗುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ 2013ರಿಂದ ಇರುವ ಇ-ಸ್ವತ್ತು ವ್ಯವಸ್ಥೆಯಲ್ಲಿ ಕ್ರಮಬದ್ಧ ಆಸ್ತಿಗೆ ನಮೂನೆ 9 ಮತ್ತು 11, ಕ್ರಮಬದ್ಧವಲ್ಲದ್ದಕ್ಕೆ 11ಬಿ. ಪಟ್ಟಣಗಳಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ-ಖಾತೆ ಕೊಡುವ ಅಭಿಯಾನ 2025ರಲ್ಲಿ ನಡೆಯಿತು; ಮೊದಲ ವರ್ಷ ದುಪ್ಪಟ್ಟು ತೆರಿಗೆ, ಅನಂತರ ಸಾಮಾನ್ಯ ದರ. ಸರ್ಕಾರಕ್ಕೆ ತೆರಿಗೆ ಬಂತು, ಮಾಲೀಕನ ಕೈಗೆ ಒಂದು ಕಾಗದ ಬಂತು. ಕೊಳವೆಮಾರ್ಗ ಬರುತ್ತದೆಂಬ ವಾಗ್ದಾನ ಆ ಕಾಗದದಲ್ಲಿಲ್ಲ. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾದ ಮೇಲೆ ಖಾತೆಯಿಲ್ಲದ ಪ್ಲಾಟಿನ ಮಾರಾಟ ಕಷ್ಟವಾಗಿದೆ. ನೀರಿಲ್ಲದ ಪ್ಲಾಟಿನ ಮಾರಾಟಕ್ಕೆ ಅಂಥ ತಡೆ ಯಾವುದೂ ಇಲ್ಲ.

ಹೊರಗಿನ ಪದ್ಧತಿಗಳು

ಬೀದರದವರು ಮನೆ ಕೊಳ್ಳುವ ದೊಡ್ಡ ನಗರ ಎಂದರೆ ಮೊದಲು ಹೈದರಾಬಾದು. 1989ರಲ್ಲಿ ರಚನೆಯಾದ ಅಲ್ಲಿಯ ಮಹಾನಗರ ಜಲಮಂಡಳಿ ತಿಂಗಳಿಗೆ 20,000 ಲೀಟರಿನವರೆಗೆ ಉಚಿತ ನೀರಿನ ಯೋಜನೆಯನ್ನು 2021ರ ಆರಂಭದಲ್ಲಿ ಜಾರಿಗೆ ತಂದಿತು. ಬಹುತೇಕ ಮನೆಗಳಿಗೆ ಮೀಟರು ಇದ್ದರಷ್ಟೇ ಅದರ ಲಾಭ. ಬೆಂಗಳೂರಿನಲ್ಲಿ ಹೊಸ ಫ್ಲ್ಯಾಟುಗಳಿಗೆ ಜಲಮಂಡಳಿ ಸಂಪರ್ಕ ಶುಲ್ಕದ ಜತೆ ಬಂಡವಾಳ ವಂತಿಗೆಯನ್ನೂ ವಸೂಲು ಮಾಡುತ್ತದೆ. ಕಟ್ಟಡದವರು ಅದನ್ನು ಫ್ಲ್ಯಾಟಿನ ಬೆಲೆಗೆ ಸೇರಿಸಿಬಿಡುತ್ತಾರೆ. 30×40 ಅಡಿಯ ನಿವೇಶನದಲ್ಲಿ ಹೊಸದಾಗಿ ಮನೆ ಕಟ್ಟುವವರಿಗೆ ಅಲ್ಲಿ ಮಳೆನೀರು ಕೊಯ್ಲು ಕಡ್ಡಾಯ, ತಪ್ಪಿದರೆ ದಂಡ.

ಪೂರ್ತಿ ಬೇರೆ ಜಾಡು ಅಮೆರಿಕದ ಟೆಕ್ಸಾಸಿನದು. ಹ್ಯೂಸ್ಟನ್, ಡಲಾಸ್‌ಗಳ ಹೊರವಲಯದಲ್ಲಿ ಮನೆ ಕೊಂಡ ಕನ್ನಡ ಕುಟುಂಬಗಳಿಗೆ ಮಡ್ ಟ್ಯಾಕ್ಸ್ ಎಂಬ ಹೆಸರು ಚಿರಪರಿಚಿತ. ನಗರದ ಕೊಳವೆ ಮುಟ್ಟದ ಕಡೆ ಬಡಾವಣೆ ಮಾಡುವವರ ಕೋರಿಕೆಯ ಮೇಲೆ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್ (ಮಡ್) ಎಂಬ ನೀರಿನ ಜಿಲ್ಲೆ ರಚನೆಯಾಗುತ್ತದೆ. ಅದು ಸ್ವತಂತ್ರ ಸರ್ಕಾರಿ ಘಟಕ. ಬಾಂಡ್ ಮೂಲಕ ಸಾಲ ಎತ್ತಿ, ಕೊಳವೆ ಚರಂಡಿಗಳಿಗೆ ಬಡಾವಣೆಯವರು ಹಾಕಿದ ಹಣ ಮರಳಿಸಿ, ಆ ಸಾಲವನ್ನು ಮನೆಗಳ ಬೆಲೆಯ ಮೇಲಿನ ವಾರ್ಷಿಕ ತೆರಿಗೆಯಿಂದ ತೀರಿಸುತ್ತದೆ. ನೂರು ಡಾಲರ್ ಬೆಲೆಗೆ 50 ಸೆಂಟ್ ದರವಿದ್ದರೆ, ಮೂರು ಲಕ್ಷ ಡಾಲರಿನ ಮನೆಗೆ ವರ್ಷಕ್ಕೆ 1,500 ಡಾಲರ್. ಬಳಸಿದ ನೀರಿನ ಬಿಲ್ಲು ಬೇರೆ. ಸಾಲ ಕರಗಿ, ಮನೆಗಳು ಹೆಚ್ಚಿದಂತೆ ದರ ಇಳಿಯುವುದುಂಟು. ಅಲ್ಲಿಯ ಜಲಸಂಹಿತೆಯ ಪ್ರಕಾರ ಮಾರುವವನು ಒಪ್ಪಂದಕ್ಕೆ ಮೊದಲೇ ಆ ಜಿಲ್ಲೆಯ ತೆರಿಗೆ ದರ, ಬಾಂಡ್ ಸಾಲದ ಮೊತ್ತಗಳನ್ನು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು. ಕೊಡದಿದ್ದರೆ ಕೊಳ್ಳುವವನು ಒಪ್ಪಂದದಿಂದ ಹಿಂದೆ ಸರಿಯಬಹುದು.

ಟೆಕ್ಸಾಸಿನ ತೆರಿಗೆ ಭಾರವಾದದ್ದು, ಆದರೆ ಮುಂಚೆಯೇ ಗೊತ್ತಾಗುವಂಥದ್ದು. ಇಲ್ಲಿಯದು ಹಗುರ, ಆದರೆ ಮನೆಗೆ ಸೇರಿಕೊಂಡ ಮೇಲೆ ಕಂತುಕಂತಾಗಿ ತಿಳಿಯುವಂಥದ್ದು. ನಮ್ಮಲ್ಲಿ ಬೇಕಿರುವುದು ಆ ತೆರಿಗೆಯಲ್ಲ, ಆ ನಮೂನೆ. ನಳದ ಜೋಡಣೆ ಇದೆಯೇ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಾಕಿ ಎಷ್ಟಿದೆ, ಬಡಾವಣೆ ಹಸ್ತಾಂತರವಾಗಿದೆಯೇ ಎಂಬ ನಾಲ್ಕು ಸಾಲುಗಳಿಗೆ ಕ್ರಯಪತ್ರದಲ್ಲಿ ಜಾಗ ಮಾಡುವುದು ಅಸಾಧ್ಯವಾದ ಸುಧಾರಣೆಯೇನಲ್ಲ.

ಗಡಿ ಸರಿದಾಗ

ಗ್ರಾಮ ಪಂಚಾಯಿತಿಯ ಪ್ರದೇಶ ಪಟ್ಟಣಕ್ಕೆ ಸೇರಿದಾಗ ಮನೆ ಇದ್ದಲ್ಲೇ ಇರುತ್ತದೆ, ಬಿಲ್ಲು ಬದಲಾಗುತ್ತದೆ. ಪಂಚಾಯಿತಿ ದರದ ಬದಲು ಮಾರ್ಗಸೂಚಿ ಬೆಲೆಯ ಲೆಕ್ಕ ಬರುತ್ತದೆ, ಖಾತೆಯ ನಮೂನೆಯೂ ಬದಲಾಗುತ್ತದೆ, ಜಲ ಜೀವನ್‌ನಂಥ ಗ್ರಾಮೀಣ ಯೋಜನೆಗಳ ವ್ಯಾಪ್ತಿ ತಪ್ಪುತ್ತದೆ. ಬೀದರ ಪಾಲಿಕೆಗೆ ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಳ್ಳುವ ಮಾತು ಬಂದಾಗ ಪ್ಲಾಟಿನ ಬೆಲೆ ಏರೀತೆಂದು ಕೆಲವರು ಹಿಗ್ಗಿದರೆ, ತೆರಿಗೆ ಏರೀತೆಂದು ಕೆಲವರು ಅಂಜಿದ್ದು ಈ ಕಾರಣಕ್ಕೇ. ಬೆಂಗಳೂರಿನಲ್ಲಿ ಇದರ ಲೆಕ್ಕ ಕಣ್ಣೆದುರಿಗಿದೆ. ಅಲ್ಲಿನ 110 ಹಳ್ಳಿಗಳನ್ನು 2007ರಲ್ಲಿ ಮಹಾನಗರ ಪಾಲಿಕೆಗೆ ಸೇರಿಸಲಾಯಿತು. ಆ ಹಳ್ಳಿಗಳಿಗೆಂದೇ ರೂಪಿಸಿದ, ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ನಡುವಿನ ಹದಿನೇಳು ವರ್ಷ ಅಲ್ಲಿಯ ಬಹುಪಾಲು ಮನೆಗಳು ಪಾಲಿಕೆಗೆ ತೆರಿಗೆಯನ್ನೂ ಟ್ಯಾಂಕರಿನವರಿಗೆ ಬಾಡಿಗೆಯನ್ನೂ ಕಟ್ಟುತ್ತ ಬಂದವು.